ಗಾಜಿಗೆ ಸಿಕ್ಕಿಸಿದ ಕಾಗದ

ವೈಪರನ್ನು ಎರಡು ಬೆರಳಲ್ಲಿ ಎತ್ತಿದ್ದೇ ತಡ, ಕಾರು ಬಾಯಿಬಿಟ್ಟು ಕೂಗಿಕೊಂಡಿತು. ನೊರೀನ್ ಬೆಂಕಿ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಕಾರಿನ ನಾಲ್ಕು ಮೂಲೆಯ ದೀಪಗಳೂ ಒಟ್ಟಿಗೆ ಹತ್ತಿ ಆರುತ್ತಿದ್ದವು. ಎಪ್ಪತ್ನಾಲ್ಕು ವರ್ಷದ ಕಾಲುಗಳು ಎಷ್ಟು ಬೇಗ ಹೋಗಬಲ್ಲವೋ ಅಷ್ಟು ಬೇಗ ಗೇಟು ದಾಟಿ, ಮನೆಯೊಳಗೆ ಸೇರಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಹೊರಗೆ ಕೂಗು ನಿಲ್ಲಲಿಲ್ಲ. ಏನೆಂದು ನೋಡಲು ಯಾರೂ ಬರಲಿಲ್ಲ. ಬೆಳಗಿನ ಹತ್ತು ಗಂಟೆಗೆ ಆ ಬೀದಿಯಲ್ಲಿ ಯಾರಿರುತ್ತಾರೆ? ಎಂಟೂವರೆಯೊಳಗೆ ವಿಕ್‌ಫರ್ಡಿನ ಮನೆಗಳೆಲ್ಲ ಬರಿದಾಗಿ ಲಂಡನ್ ರೈಲು ಹತ್ತಿಬಿಡುತ್ತವೆ. ಉಳಿಯುವುದು ಬೆಕ್ಕುಗಳು, ಪಾರ್ಸೆಲ್ ಹಂಚುವ ವ್ಯಾನುಗಳು ಮತ್ತು ಅವಳಂಥವರು. ಸ್ವಲ್ಪ ಹೊತ್ತಿನ ಮೇಲೆ ಕಾರು ತಾನಾಗಿಯೇ ಸುಮ್ಮನಾಯಿತು. ಅವಳು ಪರದೆಯ ಅಂಚು ಸರಿಸಿ ನೋಡಿದಳು. ವೈಪರಿನ ಅಡಿಯ ಕಾಗದ ಇದ್ದಲ್ಲೇ ಇತ್ತು.

ಆ ಕಾಗದ ಬರೆದವಳು ಅವಳೇ.

ಅವಳ ಮನೆಯಿಂದ ಸ್ಟೇಷನ್ನು ಐದು ನಿಮಿಷದ ನಡಿಗೆ. ರೈಲಿಲ್ಲದ ಹಳ್ಳಿಗಳಿಂದ ಬರುವವರು ಬೆಳಿಗ್ಗೆ ಕಂಡವರ ಮನೆ ಮುಂದೆ ಕಾರು ನಿಲ್ಲಿಸಿ ರೈಲಿಗೆ ಓಡುತ್ತಾರೆ. ಸಂಜೆ ಬಂದು ತೆಗೆಯುತ್ತಾರೆ. ಇದು ಎಷ್ಟೋ ವರ್ಷದ ರಗಳೆ. ಆದರೆ ಕಳೆದ ಫೆಬ್ರವರಿಯಲ್ಲಿ ಅವಳ ಗಂಡ ಲಯನಲ್ ಅಡುಗೆಮನೆಯಲ್ಲಿ ಕುಸಿದು ಬಿದ್ದಾಗ, ಆಂಬುಲೆನ್ಸಿಗೆ ಬಾಗಿಲ ಹತ್ತಿರ ಜಾಗ ಸಿಗದೆ ಅದು ಬೀದಿಯ ಕೊನೆಯಲ್ಲಿ ನಿಂತಿತು. ಇಬ್ಬರು ಹುಡುಗರು ಸಾಮಾನು ಹೊತ್ತುಕೊಂಡು ಮಳೆಯಲ್ಲಿ ಓಡಿಬಂದರು. "ಮೊದಲೇ ಬಂದಿದ್ರೂ ಏನೂ ಮಾಡೋಕಾಗ್ತಿರ್ಲಿಲ್ಲಮ್ಮ" ಎಂದು ಆಮೇಲೆ ಒಬ್ಬ ಹೇಳಿದ. ಆ ಮಾತು ಅವಳ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಅವಳ ಕಣ್ಣ ಮುಂದೆ ಉಳಿದದ್ದು ಗೇಟಿನ ಎದುರು ನಿಂತಿದ್ದ ಯಾವುದೋ ಒಂದು ಬೂದು ಬಣ್ಣದ ಕಾರು.

ಅಕ್ಟೋಬರಿನ ಒಂದು ಮಂಗಳವಾರ ಬೆಳಿಗ್ಗೆ ಬೂದು ಬಣ್ಣದ ಕಾರೊಂದು ಅದೇ ಜಾಗದಲ್ಲಿ ನಿಂತಿತ್ತು. ಅದೇ ಕಾರೋ ಬೇರೆಯದೋ, ಅವಳಿಗೆ ಗೊತ್ತಿರಲಿಲ್ಲ. ಕೂತು ಬರೆದಳು. ಚಿಕ್ಕ ಅಕ್ಷರದಲ್ಲಿ, ಒತ್ತೊತ್ತಾಗಿ: "ನನ್ನ ಗಂಡ ಸಾಯುತ್ತಿದ್ದಾಗ ಆಂಬುಲೆನ್ಸ್ ನಿಲ್ಲಲು ಇಲ್ಲಿ ಜಾಗವಿರಲಿಲ್ಲ. ನಿಮ್ಮ ಕಾರು ನಿಂತಿತ್ತು. ದೇವರು ನಿಮ್ಮ ಮನೆಗೂ ಅಂಥದೊಂದು ದಿನ ಕೊಡಲಿ. ಆಗ ನಿಮಗೆ ತಿಳಿಯುತ್ತದೆ." ಮಳೆಗೆ ನೆನೆಯಬಾರದೆಂದು ಅದನ್ನು ಬಟಾಣಿ ಕಟ್ಟಿಡುವ, ಒಳಗಿನದು ಕಾಣುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ವೈಪರಿನ ಅಡಿ ಸಿಕ್ಕಿಸಿ ಬಂದಳು. ಆ ಬೀದಿಯಲ್ಲಿ ಜಗಳಗಳೆಲ್ಲ ಹೀಗೆಯೇ ನಡೆಯುತ್ತಿದ್ದವು, ಮುಖ ನೋಡದೆ, ಚೀಲದೊಳಗೆ.

ಅಂದು ಸಂಜೆ ಉಳಿದ ಕಾರುಗಳೆಲ್ಲ ಹೋದವು. ಇದು ಹೋಗಲಿಲ್ಲ. ಬುಧವಾರವೂ ಹೋಗಲಿಲ್ಲ. ಗುರುವಾರ ಗಾಳಿಗೆ ಬಿದ್ದ ಎಲೆಗಳು ಅದರ ಗಾಲಿಗಳ ಸುತ್ತ ಕೂಡಿಕೊಂಡವು. ನೊರೀನ್ ಹಿಂದಿನ ಗಾಜಿನಲ್ಲಿ ಬಗ್ಗಿ ನೋಡಿದಳು. ಸೀಟಿನ ಮೇಲೆ ಅರ್ಧ ಕುಡಿದ ನೀರಿನ ಬಾಟಲಿ. ಕೆಳಗೆ ಕೆಸರು ಒಣಗಿದ ಒಂದು ಜೊತೆ ಚೆಂಡಾಟದ ಬೂಟು, ಹತ್ತು ವರ್ಷದ ಮಗುವಿನ ಅಳತೆಯದು. ಆ ಬೂಟು ನೋಡಿದಾಗಿನಿಂದ ಅವಳು ಗಂಟೆಗೊಮ್ಮೆ ಪರದೆ ಸರಿಸಿ ಕಾರನ್ನು ನೋಡತೊಡಗಿದಳು.

ಶುಕ್ರವಾರ, ಈ ಬೇಸಿಗೆಯಲ್ಲಷ್ಟೇ ಪಕ್ಕದ ಮನೆಗೆ ಬಂದಿದ್ದ ಬೊಲಾನ್ಲೆ ಕೆಲಸದಿಂದ ಬಂದವಳು ಕಾರಿನ ಹತ್ತಿರ ನಿಂತಳು. ಲಾಗೋಸಿನಲ್ಲಿ ಹುಟ್ಟಿದವಳು, ಗಟ್ಟಿ ಬಾಯಿಯವಳು.

"ಆಂಟಿ, ಈ ಮಹಾರಾಯ ಕಾರಿಗೆ ಇಲ್ಲೇ ಪಿಂಚಣಿ ಕೊಟ್ಟುಬಿಟ್ನಾ ಏನ್ಕಥೆ? ಕೌನ್ಸಿಲ್‌ಗೆ ಫೋನ್ ಮಾಡ್ದೆ. ಕದ್ದದ್ದಲ್ಲ, ತೆರಿಗೆ ಕಟ್ಟಿದೆ, ಇರ್ಲಿ ಬಿಡಿ ಅಂದ್ರು."

"ಬರ್ತಾನೆ ಬಿಡಮ್ಮ. ಊರಿಗೆ ಹೋಗಿರ್ಬೇಕು."

"ಆ ಕಾಗದ ಓದಿದ್ರಾ? ಯಾರು ಬರೆದ್ರೋ ಪುಣ್ಯಾತ್ಗಿತ್ತಿ. ನಮ್ಮಜ್ಜಿ ಇದ್ದಿದ್ರೆ ಅಂಥ ಬಾಯಿಗೆ ಉಪ್ಪು ತುಂಬ್ತಿದ್ರು. ಮಾತು ಬಾಯಿಂದ ಹೊರಟ ಮೇಲೆ ಮನೆ ಹುಡುಕ್ಕೊಂಡು ಹೋಗುತ್ತೆ ಅಂತಿದ್ರು." ಬೊಲಾನ್ಲೆ ಇದ್ದಕ್ಕಿದ್ದಂತೆ ನೊರೀನಳ ಮುಖ ನೋಡಿದಳು. ನೋಡಿ, ನಗು ನಿಲ್ಲಿಸಿದಳು. "ಚಳಿ ಆಯ್ತು, ಆಂಟಿ. ಒಳಗೆ ಹೋಗಿ" ಎಂದಳು.

ಭಾನುವಾರ ಚರ್ಚಿನಲ್ಲಿ ನೊರೀನ್ ಹಿಂದಿನ ಸಾಲಿನಲ್ಲಿ ಕೂತಳು. ಐವತ್ತು ವರ್ಷ ದಿನ ತಪ್ಪದೆ ಆಡಿದ ಪ್ರಾರ್ಥನೆ. ಬೇರೆಯವರ ತಪ್ಪನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎಂಬ ಸಾಲು ಬಂದಾಗ ಸುತ್ತಲಿನವರೆಲ್ಲ ಹೇಳುತ್ತ ಮುಂದೆ ಹೋದರು, ಅವಳ ಬಾಯಿ ಅಲ್ಲೇ ನಿಂತುಬಿಟ್ಟಿತು. ದೇವರ ಹೆಸರು ಹೇಳಿ ಕೇಳಿದ್ದಳು. ದೇವರು ಕೊಟ್ಟುಬಿಟ್ಟಿದ್ದರೆ? ಲಯನಲ್ ಸತ್ತ ರಾತ್ರಿಯೂ ಅವಳು ದೇವರಿಗೆ ಹೆದರಿರಲಿಲ್ಲ. ಈಗ ಹೆದರಿದಳು. ನಿದ್ದೆ ಬಿಟ್ಟಿತು. ಎಂದೋ ಒಂದು ದಿನ ಆ ಮನೆಯವರು ಕಾರು ಒಯ್ಯಲು ಬರುತ್ತಾರೆ, ಬೂಟಿನ ಆ ಮಗುವೂ ಬರಬಹುದು, ಕಾಗದ ಓದುತ್ತಾರೆ. ಹೇಗಾದರೂ ಅದನ್ನು ತೆಗೆದುಬಿಡಬೇಕು ಎಂದು ಒಂಬತ್ತನೇ ದಿನ ಬೆಳಿಗ್ಗೆ ಧೈರ್ಯ ಮಾಡಿ ಹೋದದ್ದು. ಆಗಲೇ ಕಾರು ಕೂಗಿಕೊಂಡದ್ದು.

ಅಂದೇ ಮಧ್ಯಾಹ್ನ ಮೂರಕ್ಕೆ ಒಂದು ಕಾರು ಬಂದು ಬೀದಿಯ ನಡುವೆ ನಿಂತು, ಒಬ್ಬ ಹೆಂಗಸನ್ನು ಇಳಿಸಿ ಹೊರಟುಹೋಯಿತು. ನಲವತ್ತೈದರ ಆಸುಪಾಸು. ಕೋಟಿನ ಗುಂಡಿಗಳನ್ನು ಒಂದು ತೂತು ತಪ್ಪಿ ಹಾಕಿಕೊಂಡಿದ್ದಳು. ಕೈಯಲ್ಲಿ ಕೀಲಿ. ನೊರೀನ್ ಮನೆಯೊಳಗಿನ ಚಪ್ಪಲಿಯಲ್ಲೇ ಹೊರಗೆ ಓಡಿದಳು. ಅಷ್ಟರಲ್ಲಿ ಹೆಂಗಸು ಚೀಲವನ್ನು ಗಾಜಿನಿಂದ ಎಳೆದುಕೊಂಡಾಗಿತ್ತು.

"ನಿಮ್ಮನೆ ಮುಂದೇನಾ ಅಮ್ಮಾ ಇದು? ಕ್ಷಮಿಸಿ, ತುಂಬ ದಿನ ಬಿಟ್ಟುಬಿಟ್ವಿ."

"ಪರವಾಗಿಲ್ಲ. ಏನೂ ತೊಂದ್ರೆ ಇಲ್ಲ."

"ನನ್ನ ಗಂಡ ಕಾಲಿನ್. ಹೋದ ವಾರ ಮಂಗಳವಾರ ಸಂಜೆ ವಾಪಸ್ ಬರೋಕೆ ಅಂತ ಲಂಡನ್ ಸ್ಟೇಷನ್ನಿಗೆ ಬಂದಿದ್ದಾನೆ. ಪ್ಲಾಟ್‌ಫಾರಮ್ಮಲ್ಲೇ ಬಿದ್ದುಬಿಟ್ಟ. ತಲೇಲಿ ರಕ್ತನಾಳ ಒಡೆದಿದೆಯಂತೆ. ಇನ್ನೂ ಕಣ್ಣು ಬಿಟ್ಟಿಲ್ಲ." ಹೇಳಿ ಹೇಳಿ ಸವೆದ ಮಾತುಗಳಂತೆ ಹೇಳಿದಳು. ಆಮೇಲೆ ಚೀಲದಿಂದ ಕಾಗದ ತೆಗೆದು ದೂರ ಹಿಡಿದು ನೋಡಿದಳು. "ಇದೇನು, ದಂಡದ ಚೀಟೀನಾ? ಓದೋ ಕನ್ನಡಕ ಆಸ್ಪತ್ರೇಲೇ ಬಿಟ್ಟು ಬಂದೆ. ಈ ಒಂಬತ್ತು ದಿನದಲ್ಲಿ ಏನೇನು ಎಲ್ಲೆಲ್ಲಿ ಬಿಟ್ಟಿದೀನೋ. ಸ್ವಲ್ಪ ಓದಿ ಹೇಳ್ತೀರಾ?"

ಕಾಗದ ನೊರೀನಳ ಕೈಗೆ ಬಂತು. ಒಂದು ಹನಿಯೂ ನೆನೆದಿರಲಿಲ್ಲ.

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಏನಿಲ್ಲ, ಇಲ್ಲಿ ನಿಲ್ಲಿಸಬೇಡಿ ಅಂತ ಬರೆದಿದ್ದಾರೆ. ಇಷ್ಟು ಹೇಳಿ ಕಾಗದವನ್ನು ಜೇಬಿಗೆ ಸೇರಿಸಿದರೆ ಮುಗಿಯುತ್ತಿತ್ತು. ಹೆಂಗಸು ತಪ್ಪಿ ಹಾಕಿದ ಗುಂಡಿಗಳೊಂದಿಗೆ, ನಂಬಿಕೆಯಿಂದ, ಕಾಯುತ್ತ ನಿಂತಿದ್ದಳು. ನೊರೀನ್ ಓದಿದಳು. ಮೊದಲಿನ ಎರಡು ಸಾಲು ಗಂಟಲಿಂದ ಬಂದವು. ಕೊನೆಯ ಎರಡು ಎಲ್ಲಿಂದ ಬಂದವೋ. ಓದಿ ಮುಗಿಸಿ, "ಬರೆದೋಳು ನಾನೇ" ಎಂದಳು.

ಹೆಂಗಸು ಕಾಗದವನ್ನು ನೋಡಿದಳು, ಅವಳನ್ನು ನೋಡಿದಳು.

"ಯಾವತ್ತು ಬರೆದ್ರಿ?"

"ಅದೇ ಮಂಗಳವಾರ. ಬೆಳಿಗ್ಗೆ."

ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದಳು. ಬೈಯುತ್ತಾಳೆ, ಹೊಡೆದರೂ ಹೊಡೆಯಬಹುದು ಎಂದು ನೊರೀನ್ ಕಾದಿದ್ದಳು. ಆದರೆ ಅವಳ ಕಣ್ಣಲ್ಲಿ ಇದ್ದದ್ದು ಸಿಟ್ಟಲ್ಲ, ಭಯ.

"ನೀವು ಪ್ರಾರ್ಥನೆ ಗೀರ್ಥನೆ ಮಾಡ್ತೀರಾ?"

"ಮಾಡ್ತೀನಿ. ಅವರಿಗೋಸ್ಕರ ಇವತ್ತಿಂದಲೇ…"

"ಬೇಡ." ಹೆಂಗಸು ಕೈ ಅಡ್ಡ ಹಿಡಿದಳು. "ದಯವಿಟ್ಟು ಬೇಡ. ನಮ್ಮ ಕಾಲಿನ್ ವಿಷಯ ನೀವು ದೇವ್ರ ಹತ್ರ ಎತ್ತಲೇಬೇಡಿ. ಒಳ್ಳೇದಕ್ಕೂ ಎತ್ತಬೇಡಿ. ನನಗೆ ಮಾತು ಕೊಡಿ."

"ಆಯ್ತಮ್ಮ" ಎಂದಳು ನೊರೀನ್. ಬೇರೆ ಕೊಡಲು ಅವಳಲ್ಲಿ ಏನಿತ್ತು?

ಹೆಂಗಸು ಕಾರಿನಲ್ಲಿ ಕೂತಳು. ಇಂಜಿನ್ನು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಕಿಟಕಿಯ ಗಾಜು ಅರ್ಧ ಇಳಿಯಿತು.

"ನಾಳೆಯಿಂದ ಅಕ್ಕನಿಗೆ ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕಾಗಲ್ಲ, ಅವಳಿಗೂ ಕೆಲಸ ಇದೆ. ಇಲ್ಲಿಂದ ಎಂಟೂ ಹತ್ತರ ರೈಲಿಗೆ ನಾನೇ ಹೋಗ್ಬೇಕು. ಎಲ್ಲಾದ್ರೂ ನಿಲ್ಲಿಸ್ಕೋತೀನಿ. ನಿಮ್ಮನೆ ಮುಂದೆ ಮಾತ್ರ ಅಲ್ಲ."

"ಇಲ್ಲೇ ನಿಲ್ಲಿಸಿ" ಎಂದಳು ನೊರೀನ್. ಗಾಜು ಆಗಲೇ ಮೇಲೆ ಹೋಗುತ್ತಿತ್ತು. ಕೇಳಿಸಿತೋ ಇಲ್ಲವೋ.

ಮರುದಿನ ಏಳೂಕಾಲಿಗೇ ಅವಳು ಲಯನಲ್‌ನ ಉದ್ದದ ಮಳೆಕೋಟು ಹಾಕಿಕೊಂಡು ಆ ಖಾಲಿ ಜಾಗದ ನಡುವೆ ಹೋಗಿ ನಿಂತಳು. ಜಿನುಗು ಮಳೆ. ಮೊದಲು ಬಂದ ಕಾರು ಅವಳನ್ನು ನೋಡಿ ಮುಂದೆ ಹೋಯಿತು. ಎರಡನೆಯದು ಹಾರನ್ ಹೊಡೆಯಿತು. ಅದರ ಹುಡುಗ ಗಾಜು ಇಳಿಸಿ, "ಅಜ್ಜೀ, ಬಸ್ ಸ್ಟಾಪು ಆ ಕಡೆ!" ಎಂದ.

"ಗೊತ್ತಪ್ಪ. ಈ ಜಾಗಕ್ಕೆ ಬರೋರಿದ್ದಾರೆ."

"ನಿಂತ್ಕೊಂಡು ಜಾಗ ಹಿಡಿಯೋಕೆ ಇದೇನು ಸಂತೇನಾ? ನನಗೆ ರೈಲು ತಪ್ಪುತ್ತೆ!"

"ತಪ್ಪಲಿ" ಎಂದಳು. ಹೇಳಿದ ಕ್ಷಣವೇ ಆ ಮಾತಿಗೂ ಹೆದರಿ, "ಇಲ್ಲಪ್ಪ, ತಪ್ಪದೇ ಇರ್ಲಿ. ಆ ತಿರುವಲ್ಲಿ ಜಾಗ ಇದೆ, ಓಡು, ಸಿಗುತ್ತೆ" ಎಂದಳು. ಹುಡುಗ ತಲೆ ಕೆಟ್ಟವಳೆಂದು ಗೊಣಗಿಕೊಂಡು ಹೋದ.

ಕೊಡೆಗಳು ಸ್ಟೇಷನ್ನಿನ ಕಡೆ ಹರಿಯತೊಡಗಿದವು. ಬೊಲಾನ್ಲೆ ಓಡುತ್ತ ಬಂದವಳು ತಡೆದು ನಿಂತು, "ಆಂಟೀ, ಮಳೇಲಿ ಇದೇನು?" ಎಂದಳು. ತನ್ನ ಕೊಡೆಯನ್ನು ಅವಳ ಕೈಗಿಟ್ಟು, ತಲೆಯ ಮೇಲೆ ಚೀಲ ಹಿಡಿದುಕೊಂಡು ಓಡಿದಳು.

ಎಂಟು ಗಂಟೆ. ಕಾಲುಗಳು ಮರಗಟ್ಟಿದ್ದವು. ರಾತ್ರಿಯಲ್ಲಿ ಕಾಲಿನ್‌ಗೆ ಏನಾದರೂ ಆಗಿದ್ದರೆ ಆ ಹೆಂಗಸು ಈ ರೈಲಿಗೆ ಏಕೆ ಬರುತ್ತಾಳೆ? ಪ್ರಾರ್ಥನೆ ತಾನಾಗಿ ಬಾಯಿಗೆ ಬಂತು. ಕೊಟ್ಟ ಮಾತು ನೆನಪಾಗಿ ನುಂಗಿಕೊಂಡಳು. ಮತ್ತೆ ಬಂತು, ಮತ್ತೆ ನುಂಗಿಕೊಂಡಳು.

ಎಂಟೂ ಐದಕ್ಕೆ ಬೀದಿಯ ಕೊನೆಯಲ್ಲಿ ಎರಡು ದೀಪಗಳು ತಿರುಗಿದವು. ಮಳೆಯಲ್ಲಿ ಕಾರಿನ ಬಣ್ಣ ಕಾಣುತ್ತಿರಲಿಲ್ಲ. ದೀಪಗಳು ನಿಧಾನವಾಗಿ, ಜಾಗ ಹುಡುಕುವವರ ಹಾಗೆ, ಒಂದೊಂದೇ ಮನೆ ದಾಟಿ ಬರುತ್ತಿದ್ದವು. ನೊರೀನ್ ಪಾದಗಳನ್ನು ಇನ್ನಷ್ಟು ಅಗಲಿಸಿ ನಿಂತಳು.