ಹಡಗಿನಲ್ಲಿ ಬಡಿಸುವ ವರ

ಹುಡುಗ ಹಡಗಿನಲ್ಲಿ ಆಫೀಸರ್ ಎಂದು ಮಲ್ಲಿಕಾರ್ಜುನಪ್ಪ ಹೆಣ್ಣಿನ ಕಡೆಯವರಿಗೆ ಹೇಳಿಬಿಟ್ಟಿದ್ದರು. ಅದು ಮಗ ಸಿದ್ದಲಿಂಗೇಶನಿಗೆ ಗೊತ್ತಾದದ್ದು ಅಜ್ಜಂಪುರ ಬಿಟ್ಟು ಬೀರೂರು ದಾಟಿದ ಮೇಲೆ, ಕಾರಿನಲ್ಲಿ.

“ನಾನು ಆಫೀಸರ್ ಅಲ್ವಲ್ಲಪ್ಪಾ.”

“ಹಡಗು ಅಂದ್ಮೇಲೆ ಎಲ್ರೂ ಆಫೀಸರ್ರೇ ಕಣೋ. ಬಿಡು ಅತ್ಲಾಗೆ.”

ಅಜ್ಜಂಪುರದ ಪೇಟೆಯಲ್ಲಿ ಮಲ್ಲಿಕಾರ್ಜುನಪ್ಪನವರದು ದಿನಸಿ ಅಂಗಡಿ. ತಕ್ಕಡಿಯಲ್ಲಿ ಒಂದು ಕಾಳೂ ಹೆಚ್ಚುಕಡಿಮೆ ಮಾಡಿದವರಲ್ಲ. ಮಗನ ವಿಷಯದಲ್ಲಿ ಮಾತ್ರ ಕೈ ಜಾರಿತ್ತು. ಹಿಂದಿನ ಸೀಟಿನಲ್ಲಿದ್ದ ತಾಯಿ ಯಶೋದಾ ಮಡಿಲಲ್ಲಿದ್ದ ಹೂವಿನ ಪೊಟ್ಟಣವನ್ನು ನೆರಳಿಗೆ ಸರಿಸಿಕೊಂಡರು.

ಕಡೂರಿನ ಹೆಣ್ಣಿನ ಮನೆಯಲ್ಲಿ ವಿಶಾಲಾಕ್ಷಮ್ಮ ಮತ್ತು ಅವರ ಮಗಳು ಸುಮನಾ ಇಬ್ಬರೇ ಇದ್ದದ್ದು. ಸುಮನಾಳ ತಂದೆ ತೀರಿಹೋಗಿ ಬಹಳ ವರ್ಷವಾಗಿತ್ತು. ಹಾಗಾಗಿ ಮಾತುಕತೆಗೆ ದೇವನೂರಿನಿಂದ ಸೋದರಮಾವ ರುದ್ರಮೂರ್ತಿ ಬಂದಿದ್ದರು. ಕೇಸರಿಬಾತು, ಉಪ್ಪಿಟ್ಟು ಆಯಿತು. ಸುಮನಾ ಕಾಫಿ ತಂದುಕೊಟ್ಟು ತಾಯಿಯ ಪಕ್ಕದಲ್ಲಿ ಕೂತಳು. ಕುಡಿದಾದ ಮೇಲೆ ಸಿದ್ದಲಿಂಗೇಶ ತಾನಾಗಿ ಎದ್ದು, ಎಲ್ಲರ ಲೋಟಗಳನ್ನೂ ಸದ್ದಾಗದಂತೆ ತಟ್ಟೆಗೆ ಜೋಡಿಸಿ, ಟೀಪಾಯಿಯ ಮೇಲೆ ಉಳಿದಿದ್ದ ಕಾಫಿಯ ಉಂಗುರವನ್ನು ತನ್ನ ಕರ್ಚೀಫಿನಿಂದ ಒರೆಸಿದ.

“ಅಯ್ಯೋ, ಕೂತ್ಕಳಪ್ಪಾ! ನೀನ್ಯಾಕೆ ಮುಟ್ಟಕ್ಕೋದೆ?” ವಿಶಾಲಾಕ್ಷಮ್ಮ ಗಾಬರಿಯಾಗಿ ತಟ್ಟೆ ಕಿತ್ತುಕೊಂಡರು.

ರುದ್ರಮೂರ್ತಿ ನಕ್ಕರು. “ಆಫೀಸರ್ರು ಭಾಳ ಸರಳ ಇದ್ದಂಗವ್ರೆ. ಹಡಗಲ್ಲಿ ಯಾವ ಪೋಸ್ಟು?”

ಮಲ್ಲಿಕಾರ್ಜುನಪ್ಪ ಬಾಯಿ ತೆರೆಯುವ ಮೊದಲೇ ಸಿದ್ದಲಿಂಗೇಶ ಹೇಳಿದ: “ಆಫೀಸರ್ ಅಲ್ಲ ಸಾರ್. ಸ್ಟೀವರ್ಡ್. ಸರಕಿನ ಹಡಗೂ ಅಲ್ಲ. ಶ್ರೀಮಂತರು ವಾರಗಟ್ಟಲೆ ಬಾಡಿಗೆಗೆ ತಗೊಂಡು ಸಮುದ್ರ ಸುತ್ತೋ ಐಷಾರಾಮಿ ಯಾಟ್. ಅಲ್ಲಿ ಬಂದೋರಿಗೆ ಊಟ ಬಡಿಸ್ತೀನಿ, ಹಾಸಿಗೆ ಹಾಸ್ತೀನಿ, ಬಟ್ಟೆ ಇಸ್ತ್ರಿ ಮಾಡ್ತೀನಿ, ಬಾತ್ರೂಮ್ ತೊಳೀತೀನಿ.”

ವಿಶಾಲಾಕ್ಷಮ್ಮ ಅಣ್ಣನ ಮುಖ ನೋಡಿದರು.

“ಮಾಂಸ, ಮದ್ಯ ಎಲ್ಲಾನೂ ಬಡಿಸ್ತೀಯಾ?” ರುದ್ರಮೂರ್ತಿಯವರ ‘ಅವ್ರೆ’ ಆಗಲೇ ‘ನೀನು’ ಆಗಿತ್ತು. ಅವರ ಕಣ್ಣು ಹುಡುಗನ ಕೊರಳಿನ ಲಿಂಗದ ದಾರದ ಮೇಲಿತ್ತು.

“ಬಡಿಸ್ತೀನಿ. ನಾನು ಮುಟ್ಟಲ್ಲ. ಅನ್ನ, ಬೇಳೆ ನಾನೇ ಬೇಯಿಸ್ಕತೀನಿ.”

“ಅಂದ್ರೆ ಹೋಟ್ಲು ಮಾಣಿ ಅಂತಾಯ್ತು.”

ಮಲ್ಲಿಕಾರ್ಜುನಪ್ಪ ತಲೆ ತಗ್ಗಿಸಿ ಶಲ್ಯದ ಅಂಚನ್ನು ಮಡಚತೊಡಗಿದರು. ಎದ್ದು ಹೊರಡುವುದೊಂದೇ ಬಾಕಿ ಎನ್ನುವಷ್ಟರಲ್ಲಿ ಸುಮನಾ, “ಮಾವ, ನಾನು ಇವ್ರ ಹತ್ರ ಒಂದು ಸ್ವಲ್ಪ ಮಾತಾಡ್ಬೇಕು,” ಎಂದಳು.

ಹಿತ್ತಲಲ್ಲಿ ಸುಲಿಯಲು ಒಟ್ಟಿದ್ದ ತೆಂಗಿನಕಾಯಿ ರಾಶಿಯ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಸುಮನಾ ಅದೇ ಊರಿನ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ನಾಚಿಕೆಯ ಹುಡುಗಿಯಲ್ಲ.

“ಅಲ್ಲಿ ಹೆಂಗಿರುತ್ತೆ? ಫೋಟೋದಲ್ಲಿ ಕಾಣೋದಲ್ಲ. ನಿಜವಾಗ್ಲೂ.”

ಅವನನ್ನು ಯಾರೂ ಹೀಗೆ ಕೇಳಿರಲಿಲ್ಲ. ಊರಿನವರೆಲ್ಲ ಕೇಳುತ್ತಿದ್ದದ್ದು ಸಂಬಳ ಮತ್ತು ಸಮುದ್ರದ ಬಣ್ಣ. ಅವನು ನಿಧಾನವಾಗಿ ಶುರುಮಾಡಿದ. ಅತಿಥಿಗಳ ಒಂದು ಬಾತ್ರೂಮಿನಷ್ಟೂ ದೊಡ್ಡದಲ್ಲ ತಾನು ಮಲಗುವ ಕೋಣೆ. ಅದರಲ್ಲೂ ಇಬ್ಬರು, ಒಂದರ ಮೇಲೊಂದು ಮಂಚ, ಹಾಸಿಗೆಯಲ್ಲಿ ನೆಟ್ಟಗೆ ಕೂರಲು ಆಗುವುದಿಲ್ಲ. ಅತಿಥಿಗಳು ಏಳುವ ಮೊದಲು ಎದ್ದು, ಅವರು ಮಲಗಿದ ಮೇಲೆ ಮಲಗಬೇಕು. ನಲ್ಲಿಯ ಮೇಲೆ ಬೆರಳಿನ ಗುರುತು ಇರಬಾರದು. ಅವರು ಮಗ್ಗುಲು ಬದಲಿಸಿ ಎದ್ದುಹೋದ ಹಾಸಿಗೆ, ತಿಂಡಿ ಮುಗಿಸಿ ಬರುವುದರೊಳಗೆ ಯಾರೂ ಮಲಗದ ಹಾಗೆ ಆಗಬೇಕು. ಅಲೆ ಎದ್ದರೆ ತನಗೆ ಹೊಟ್ಟೆ ತೊಳಸುತ್ತಿದ್ದರೂ ಟ್ರೇ ಅಲುಗಬಾರದು, ಮುಖ ನಗುತ್ತಿರಬೇಕು.

“ಬೇಜಾರಾಗಲ್ವಾ?”

“ಮೊದಲ ಸೀಸನ್ನಲ್ಲಿ ಒಬ್ಬ ಅತಿಥಿ ಚಿಟಿಕೆ ಹೊಡೆದು ಕರೀತಿದ್ದ. ಹೆಸರು ಹೇಳಿದ್ರೂ ಚಿಟಿಕೇನೇ. ಒಂದಿನ ಲಾಂಡ್ರಿ ರೂಮಿಗೆ ಹೋಗಿ ಡ್ರೈಯರ್ ಹಾಕ್ಕೊಂಡು ಅತ್ತುಬಿಟ್ಟೆ. ಅದರ ಸದ್ದಲ್ಲಿ ಯಾರಿಗೂ ಕೇಳಲ್ಲ.”

ಸುಮನಾ ನಗಲಿಲ್ಲ. “ಮತ್ತೆ ಯಾಕೆ ಬಿಡ್ಲಿಲ್ಲ?”

“ನಂಗೆ ಆ ಕೆಲಸ ಇಷ್ಟ ಕಣ್ರೀ. ಹೋದ ವರ್ಷ ಒಂದು ಕುಟುಂಬ ಬಂದಿತ್ತು. ಅವರಲ್ಲಿ ಒಬ್ಬ ಅಜ್ಜಿ, ಕೈ ನಡುಗೋದು. ಸೂಪು ಚೆಲ್ಲಿತು ಅಂತ ನಾಚಿಕೊಂಡು ಊಟಕ್ಕೇ ಬರೋದು ಬಿಟ್ಟರು. ಮಾರನೇ ದಿನದಿಂದ ಎಲ್ಲರಿಗೂ ಸೂಪನ್ನ ಹಿಡಿ ಇರೋ ಕಪ್ಪಲ್ಲೇ ಕೊಟ್ಟೆ, ಅದೇ ಅಲ್ಲಿಯ ಪದ್ಧತಿ ಅನ್ನೋ ಹಂಗೆ. ಅಜ್ಜಿ ಬಂದು ಕೂತರು, ಕಪ್ಪು ಎರಡು ಕೈಲಿ ಹಿಡ್ಕೊಂಡು ಕುಡಿದ್ರು. ಇಳಿದು ಹೋಗೋ ದಿನ ನನ್ನ ಕೆನ್ನೆ ಸವರಿ ಏನೋ ಅಂದ್ರು. ಭಾಷೆ ಅರ್ಥ ಆಗ್ಲಿಲ್ಲ. ಅವತ್ತೆಲ್ಲಾ ಖುಷಿಯಾಗಿದ್ದೆ.”

ಸುಮನಾ ಕಾಯಿಯೊಂದರ ನಾರನ್ನು ಎಳೆಯುತ್ತ ಕೂತಿದ್ದಳು. “ನಮ್ಮ ಪೇಷಂಟುಗಳೂ ಅಷ್ಟೇ,” ಎಂದಳು. “ಕೆಲವರು ಬೈತಾರೆ. ನೋವಿರುತ್ತೆ, ಬೈಲಿ ಅಂತ ಸುಮ್ನಿರ್ತೀನಿ. ಚೌಳಹಿರಿಯೂರಿಂದ ಒಬ್ಬರು ಬರ್ತಾರೆ, ಕನಕರಾಜು ಅಂತ. ನಾನು ಸೂಜಿ ಹಾಕಿದ್ರೇನೇ ಕೈ ಚಾಚೋದು. ನಂಗೂ ಅವತ್ತೆಲ್ಲಾ ಖುಷಿ.” ಆಮೇಲೆ ತಲೆಯೆತ್ತಿ, “ನಾನು ಕೆಲಸ ಬಿಡಲ್ಲ. ನೀವು ತಿಂಗಳುಗಟ್ಟಲೆ ಇಲ್ದೇ ಇದ್ರೆ ನಾನು ಅಮ್ಮನ ಜೊತೆ ಇಲ್ಲೇ ಇರ್ತೀನಿ. ಆಗ್ಬೋದಾ?” ಎಂದಳು.

“ಆಗ್ಬೋದು. ಎರಡು ತಿಂಗಳು ಕೆಲಸ, ಎರಡು ತಿಂಗಳು ರಜೆ ಇರೋ ಯಾಟ್‌ಗಳಿದಾವೆ. ಅಂಥದ್ದು ನೋಡ್ತಿದೀನಿ.”

ಒಳಗೆ ಬಂದು ಸುಮನಾ ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ರುದ್ರಮೂರ್ತಿ, “ಫೋನ್ ಮಾಡಿ ತಿಳಿಸ್ತೀವಿ,” ಎಂದು ಕೈಮುಗಿದರು.

ವಾಪಸು ಬರುತ್ತಾ ಬೀರೂರಿನಲ್ಲಿ ಟೀ ಕುಡಿಯಲು ಕಾರು ನಿಲ್ಲಿಸಿದಾಗ ಮಲ್ಲಿಕಾರ್ಜುನಪ್ಪ ಲೋಟ ಊದುತ್ತ, “ಹಂಗೆ ಹೇಳ್ಬಾರದಿತ್ತು ನಾನು,” ಎಂದರು.

“ಹೋಗ್ಲಿ ಬಿಡಪ್ಪಾ.”

“ಅಲ್ಲ ಕಣೋ. ಬೆಳಗ್ಗಿಂದ ಸಂಜೆ ತನಕ ಗಿರಾಕಿ ಕೇಳಿದ್ದು ಕಟ್ಟಿಕೊಡೋದೇ ನನ್ನ ಕಸುಬು. ನಿನ್ನ ಕೆಲ್ಸ ಹೇಳಕ್ಕೆ ನಂಗ್ಯಾಕೆ ನಾಚಿಕೆ ಬಂತೋ!”

ಯಶೋದಾ, “ನಂಗೇನು ಬಂದಿಲ್ಲ. ಮನೇಲೂ ಬಾತ್ರೂಮ್ ಇವ್ನೇ ತೊಳೀತಾನಲ್ಲ, ಅದೇ ಸಾಕು,” ಎಂದರು. ಮೂವರೂ ನಕ್ಕರು. ಅಷ್ಟರಲ್ಲಿ ಫೋನು ಬಂತು. ರುದ್ರಮೂರ್ತಿಯಲ್ಲ, ವಿಶಾಲಾಕ್ಷಮ್ಮ. “ನಮ್ಮಣ್ಣಂಗೆ ಇನ್ನೂ ಸ್ವಲ್ಪ ಮುನಿಸು ಅದೆ. ಇಳೀತದೆ ಬಿಡಿ. ಹುಡುಗೀಗೆ ಒಪ್ಪಿಗೆ ಕಣ್ರೀ,” ಎಂದರು.

ಮಾಘದಲ್ಲಿ ಮದುವೆಯಾಯಿತು. ರುದ್ರಮೂರ್ತಿ ಬಂದರು, ಹೊಟ್ಟೆ ತುಂಬ ಉಂಡರು. ಹುಡುಗನ ಕೆಲಸದ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ಸಿದ್ದಲಿಂಗೇಶನಿಗೆ ಅಂದುಕೊಂಡಂಥ ಯಾಟ್ ಸಿಗಲು ಇನ್ನೊಂದು ಸೀಸನ್ ಹಿಡಿಯಿತು. ಈಗ ಅವನು ರಜೆಯಲ್ಲಿ ಕಡೂರಿಗೆ ಬಂದರೆ, ಸುಮನಾಳಿಗೆ ಬೆಳಗಿನ ಶಿಫ್ಟ್ ಇದ್ದ ದಿನ ತಿಂಡಿ ಮಾಡಿ ಡಬ್ಬಿ ಕಟ್ಟುವುದು ಅವನೇ. ಅಳಿಯ ಅಡುಗೆಮನೆಗೆ ಬರಬಾರದೆಂದು ವಿಶಾಲಾಕ್ಷಮ್ಮ ದಿನಾ ಗೊಣಗುತ್ತಾರೆ. ಗೊಣಗುತ್ತಲೇ ಅವನು ಹಾಕಿಕೊಟ್ಟ ಅವರೆಕಾಳು ಉಪ್ಪಿಟ್ಟನ್ನು ಇನ್ನೊಂದು ಸಲ ಹಾಕಿಸಿಕೊಳ್ಳುತ್ತಾರೆ.