ತೊಂಬತ್ತೇಳಕ್ಕೆ ನಿಂತ ಲೆಕ್ಕ

ಹತ್ತು ಲಕ್ಷದ ಒಂದು ಎಂಬ ಸಂಖ್ಯೆ ಒಡೆಯುತ್ತದೆಯೋ ಇಲ್ಲವೋ ಎಂಬುದರ ಮೇಲೆ ಒಂದು ವಾರ ನಮ್ಮೂರಿನ ನೆಮ್ಮದಿಯೆಲ್ಲ ನಿಂತಿತ್ತು. ಊರಿಗೆ ಇದು ತಿಳಿಯಲಿಲ್ಲ. ಅದು ಊರಿನ ನಷ್ಟ.

ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಂದು ಕರಿಹಲಗೆಯಿತ್ತು. ಪ್ರತಿ ಸೋಮವಾರ ಗಣಿತದವರೊಬ್ಬರು ಅದರ ಮೇಲೆ ದೊಡ್ಡ ಸಂಖ್ಯೆಯೊಂದನ್ನು ಬರೆದು, ಇದು ಅವಿಭಾಜ್ಯ, ಇದನ್ನು ಸಮವಾಗಿ ಒಡೆಯುವ ಸಣ್ಣ ಸಂಖ್ಯೆ ಒಂದರ ಹೊರತು ಬೇರೊಂದಿಲ್ಲ ಎಂದು ಸವಾಲು ಹಾಕುತ್ತಿದ್ದರು. ಒಡೆದು ತೋರಿಸಿದರೆ ಬರೆದವರು ಎಲ್ಲರಿಗೂ ಕಾಫಿ ತರಿಸಬೇಕು. ಚರಿತ್ರೆ ಪಾಠ ಹೇಳುತ್ತಿದ್ದ ನನಗೆ ಆಸಕ್ತಿಯಿದ್ದದ್ದು ಕಾಫಿಯಲ್ಲಿ ಮಾತ್ರ.

ಆ ಸೋಮವಾರ ನೇಮಿರಾಜರು ೧೦೦೦೦೦೧ ಎಂದು ಬರೆದರು. ಸೀಮೆಸುಣ್ಣ ಕೆಳಗಿಡದೆಯೇ, ಗಣಿತದವರೇ ಆದ ಚಂದ್ರಮತಿಯವರ ಕಡೆ ತಿರುಗಿದರು.

"ಮೇಡಂ, ನಿಮ್ಮನ್ನ ಮದುವೆ ಆಗ್ಬೇಕು ಅಂತ ನನಗೆ ಬಹಳ ದಿನದಿಂದ ಇದೆ. ಈ ಸಂಖ್ಯೆ ಒಡೆಯಲ್ಲ. ಒಡೆದ್ರೆ ಈ ಜನ್ಮದಲ್ಲಿ ಆ ಮಾತು ಎತ್ತಲ್ಲ."

ಚಂದ್ರಮತಿ ಸಂಖ್ಯೆಯನ್ನು ಬರೆದುಕೊಂಡು ತರಗತಿಗೆ ಹೋದರು. ಇಂಥ ಷರತ್ತಿನ ಮೇಲೆ ಹೆಣ್ಣು ಕೇಳಿದ ರಾಜನೊಬ್ಬನೂ ನನ್ನ ಚರಿತ್ರೆಯಲ್ಲಿರಲಿಲ್ಲ.

"ಖಾತ್ರಿ ಇದೆಯೇನ್ರೀ?" ಎಂದೆ.

"ತೊಂಬತ್ತೇಳರವರೆಗೆ ಒಂದೊಂದೇ ಅವಿಭಾಜ್ಯ ಹಿಡಿದು ಭಾಗಿಸಿ ನೋಡಿದೀನಿ. ಯಾವುದಕ್ಕೂ ಬಗ್ಗಲಿಲ್ಲ."

"ಅಷ್ಟು ಸಾಕೋ?"

"ಸಾವಿರದ ತನಕ ಹೋಗ್ಬೇಕು. ಅಷ್ಟು ಹೊತ್ತಿಗೆ ಧೈರ್ಯ ಹೋಗ್ಬಿಡುತ್ತಲ್ಲ!"

ಗುರುವಾರ ಚಂದ್ರಮತಿ ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತಿದ್ದರು. ಗೆದ್ದವರ ಮುಖವಲ್ಲ ಅದು.

"ಒಡೀತು," ಎಂದರು.

"ಯಾರಿಗೂ ಹೇಳ್ಬೇಡಿ, ಒರೆಸಿಬಿಡೋಣ," ಎಂದೆ ನಾನು.

"ಕಂಡಿದ್ದನ್ನ ಕಂಡಿಲ್ಲ ಅನ್ನಕ್ಕಾಗುತ್ತೇನ್ರೀ? ನಾಳೆ ಅವರ ಜೊತೆ ಸಂಸಾರ ಮಾಡೋಳು ಇವತ್ತೇ ಸುಳ್ಳು ಹೇಳ್ಲಾ?"

ಅಷ್ಟರಲ್ಲಿ ನೇಮಿರಾಜರು ಬಂದರು. ಆಕೆ ಸಂಖ್ಯೆಯ ಕೆಳಗೆ ೧೦೧ × ೯೯೦೧ ಎಂದು ಬರೆದರು.

"ನೂರಾ ಒಂದು!" ಎಂದರು ನೇಮಿರಾಜರು. "ತೊಂಬತ್ತೇಳರವರೆಗೂ ಭಾಗಿಸಿ ನೋಡಿದ್ದೆ, ಒಂದೂ ಇರ್ಲಿಲ್ಲ. ಅದಾದ್ಮೇಲೆ ಬರೋ ಅವಿಭಾಜ್ಯವೇ ಇದು!"

"ಇನ್ನೊಂದು ಮೆಟ್ಟಿಲು ಹತ್ತಿದ್ರೆ ನಿಮಗೇ ಸಿಕ್ತಿತ್ತು."

"ಕಾಫಿಗೆ ಹೇಳ್ತೀನಿ," ಎಂದು ಅವರು ಬಾಗಿಲಿನತ್ತ ನಡೆದರು.

"ನಿಲ್ಲಿ ಮೇಷ್ಟ್ರೇ. ಈ ೯೯೦೧ ಒಡೆಯುತ್ತಾ?"

"ನೋಡ್ಬೇಕು."

"ನೀವು ನೋಡಿ ಆಗಿದೆ. ಇದು ನೂರು ನೂರಲೇ ಹತ್ತು ಸಾವಿರಕ್ಕಿಂತ ಚಿಕ್ಕದು, ಒಡೆಯೋದಾದ್ರೆ ನೂರರೊಳಗಿನ ಅವಿಭಾಜ್ಯಕ್ಕೇ ಒಡೀಬೇಕು. ಇದನ್ನ ಒಡೆಯೋದು ಆ ದೊಡ್ಡದನ್ನೂ ಒಡೀತಿತ್ತು. ನೀವು ತೊಂಬತ್ತೇಳರವರೆಗೂ ನೋಡಿ ಒಂದೂ ಇಲ್ಲ ಅಂದ್ರಿ. ಇದು ಅವಿಭಾಜ್ಯ ಅಂತ ಸಾಧಿಸಿದೋರು ನೀವೇ. ಲೆಕ್ಕ ಪೂರ್ತಿ ಆಗಿದೆ. ಬೇರೆ ಸಂಖ್ಯೆಗೆ ಆಗಿದೆ, ಅಷ್ಟೆ."

ಸೋತವನಿಗೆ ರಾಜ್ಯ ಹಿಂತಿರುಗಿಸಿದ ದೊರೆಗಳ ಕುರಿತು ನಾನು ಓದಿದ್ದೆ. ಅವನದೇ ಲೆಕ್ಕದಿಂದ ಅವನಿಗೊಂದು ರಾಜ್ಯವನ್ನು ಹುಡುಕಿಕೊಟ್ಟವರನ್ನು ಕಂಡದ್ದು ಅಂದೇ.

ನೇಮಿರಾಜರು ಆ ನಾಲ್ಕು ಅಂಕಿಗಳನ್ನೇ ನೋಡುತ್ತ ನಿಂತರು. "ಆದ್ರೂ ಆಡಿದ ಮಾತು ಆಡಿದ್ದೇ. ನಾನಿನ್ನು ಕೇಳೋ ಹಾಗಿಲ್ಲ."

"ಕೇಳ್ಬೇಡಿ. ಆಣೆ ಇಟ್ಟಿದ್ದು ನೀವು, ನಾನಲ್ಲವಲ್ಲ," ಎಂದರು ಚಂದ್ರಮತಿ. "ನಾನು ಕೇಳ್ತೀನಿ. ಮದುವೆ ಆಗ್ತೀರಾ?"

ಆಷಾಢ ಕಳೆದ ಮೇಲೆ ಅವರ ಮದುವೆಯಾಯಿತು.