ಗೃಹಿಣಿ ಜಲಜ

ಬಡ ವಿದ್ಯಾರ್ಥಿಗಳ ವಿಶ್ವವಿದ್ಯಾಲಯ ಶುಲ್ಕವನ್ನು ಪೂರ್ತಿ ಭರಿಸುವ ನೆರವಿಗೆ ಮೋಕ್ಷಿತಾ ಅರ್ಜಿ ಹಾಕಿದ್ದಳು. ತಾಯಿಯ ಉದ್ಯೋಗ ಎಂಬಲ್ಲಿ ‘ಮೀನು ಮಾರಾಟ’ ಎಂದು ಬರೆಯಲು ಕೈ ಬರಲಿಲ್ಲ. ಹಾಗೆ ಬರೆದಿದ್ದರೂ ನೆರವು ಸಿಗುತ್ತಿತ್ತು. ಆದರೆ ವಿಶ್ವವಿದ್ಯಾಲಯದಲ್ಲಿ ಯಾರಾದರೂ ಓದಿಬಿಟ್ಟರೆ? ‘ಗೃಹಿಣಿ’ ಎಂದು ಬರೆದಳು. ಅಮ್ಮನಿಗೆ ಮಾತ್ರ, “ನೀ ಮೀನ್ ಮಾರುದ್ ಗೊತ್ತಾರೆ ದುಡ್ಡ್ ಸಿಕ್ಕುದಿಲ್ಲ” ಎಂದು ಸುಳ್ಳು ಹೇಳಿದಳು.

ಮನೆ ನೋಡಲು ಅಧಿಕಾರಿ ಬರುವ ದಿನ ಅಮ್ಮ ಜಲಜ ಮೀನು ತರಲು ಗಂಗೊಳ್ಳಿ ಬಂದರಿಗೆ ಹೋಗಲಿಲ್ಲ. ಬುಟ್ಟಿಯನ್ನು ಸೌದೆ ರಾಶಿಯ ಹಿಂದೆ ಅಡಗಿಸಿ, ಹುಣಸೆಹುಳಿ ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆದು, ಮದುವೆಯ ಸೀರೆ ಉಟ್ಟು ಕೂತಳು.

“ಏನು ಕೆಲಸ ಮಾಡ್ತೀರಮ್ಮ?” ಅಧಿಕಾರಿ ಕೇಳಿದರು.

“ಎಂತದೂ ಇಲ್ಲೆ. ಮನಿಯಗೇ ಇಪ್ಪುದ್.”

ಅಷ್ಟರಲ್ಲಿ ಬೇಲಿಯಾಚೆಯಿಂದ ಇಪ್ಪತ್ತು ವರ್ಷಗಳಿಂದ ಅವಳ ಬಳಿಯೇ ಮೀನು ಕೊಳ್ಳುತ್ತಿದ್ದ ಸುಗುಣಮ್ಮನ ದನಿ ಕೇಳಿತು. “ಹ್ವಾಯ್, ಇವತ್ತ್ ಬಂಗುಡೆ ಇಲ್ಯಾ?”

“ನೀವ್ ಮನಿ ತಪ್ಪಿ ಬಂದ್ರಿ,” ಎಂದಳು ಜಲಜ, ಅತ್ತ ತಿರುಗದೆ.

ಮೋಕ್ಷಿತಾ ತಲೆಯೆತ್ತಲಿಲ್ಲ.

ಅಧಿಕಾರಿ ಹೋದದ್ದೇ ತಡ, ಜಲಜ ಪರೀಕ್ಷೆ ಬರೆದು ಬಂದ ಮಗುವಿನ ಹಾಗೆ ಮಗಳ ಮುಖ ನೋಡಿದಳು.

“ನಾ ಹೇಳಿದ್ ಸಮ ಆಯ್ತಾ ಮಗಾ?”